ಅಪ್ಪ ಓದಿದ ವಿಶ್ವವಿದ್ಯಾಲಯದಲ್ಲಿ ಮಗಳಿಗೆ ಸೀಟು ಸಲೀಸಾಗಿ ಸಿಗುತ್ತದೆಯೇ?

ಪ್ರಶ್ನೆ: 1999ರಲ್ಲಿ ವರ್ಜೀನಿಯಾ ಟೆಕ್‌ನಲ್ಲಿ ಎಂ.ಎಸ್. ಮುಗಿಸಿ ಬೆಂಗಳೂರಿಗೆ ಮರಳಿದ್ದೆ. ಈಗ ಮತ್ತೆ ಎಚ್‌-1ಬಿ ವೀಸಾದಲ್ಲಿ ಬಂದು ವರ್ಜೀನಿಯಾದಲ್ಲೇ ಇದ್ದೇವೆ. ಮಗಳು 11ನೇ ತರಗತಿ. ಹಳೆಯ ವಿದ್ಯಾರ್ಥಿಗಳ ಸಂಘಕ್ಕೆ ವರ್ಷವರ್ಷವೂ ದೇಣಿಗೆ ಕೊಡುತ್ತೇನೆ. ಇದರಿಂದ ಅವಳ ಪ್ರವೇಶಕ್ಕೆ ಅನುಕೂಲವಾಗುತ್ತದೆಯೇ? ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕ್ಯಾಂಪಸ್ಸಿಗೂ ಅರ್ಜಿ ಹಾಕುವ ಆಸೆ ಅವಳಿಗಿದೆ.

ಉತ್ತರ: ಇಲ್ಲ, ಎರಡೂ ಕಡೆ ಇಲ್ಲ. ವರ್ಜೀನಿಯಾ ಟೆಕ್ 2023ರಲ್ಲೇ ಹಳೆಯ ವಿದ್ಯಾರ್ಥಿಗಳ ಮಕ್ಕಳೆಂಬ ಅಂಶವನ್ನು ಪ್ರವೇಶದ ಪರಿಗಣನೆಯಿಂದ ಕೈಬಿಟ್ಟಿತು. 2024ರ ಜುಲೈ 1ರಿಂದ ಅದು ಇಡೀ ರಾಜ್ಯದ ಕಾನೂನಾಗಿದೆ. ವರ್ಜೀನಿಯಾದ ಯಾವ ಸಾರ್ವಜನಿಕ ವಿಶ್ವವಿದ್ಯಾಲಯವೂ ಹಳೆಯ ವಿದ್ಯಾರ್ಥಿಗಳ ಮಕ್ಕಳಿಗಾಗಲಿ, ದಾನಿಗಳ ಬಂಧುಗಳಿಗಾಗಲಿ ಆದ್ಯತೆ ಕೊಡುವಂತಿಲ್ಲ. ನಿಮ್ಮ ದೇಣಿಗೆ ಒಳ್ಳೆಯ ಕೆಲಸವೇ, ಮುಂದುವರಿಸಿ. ಆದರೆ ಅದಕ್ಕೂ ಮಗಳ ಅರ್ಜಿಗೂ ಗಂಟು ಹಾಕಬೇಡಿ.

ಈ ನಂಬಿಕೆ ಹುಟ್ಟಿದ್ದು ಹೆಚ್ಚಾಗಿ ಖಾಸಗಿ ವಿಶ್ವವಿದ್ಯಾಲಯಗಳಿಂದ. ಹಾರ್ವರ್ಡ್ ವಿಶ್ವವಿದ್ಯಾಲಯದ ಪ್ರವೇಶ ನೀತಿಯ ವಿರುದ್ಧ ನಡೆದ ಮೊಕದ್ದಮೆಯಲ್ಲಿ ಹೊರಬಂದ ಲೆಕ್ಕದ ಪ್ರಕಾರ ಹಳೆಯ ವಿದ್ಯಾರ್ಥಿಗಳ ಮಕ್ಕಳಲ್ಲಿ ಸುಮಾರು ಶೇ 33 ಮಂದಿಗೆ ಸೀಟು ಸಿಕ್ಕಿತ್ತು, ಉಳಿದವರಲ್ಲಿ ಶೇ 6ರಷ್ಟು ಮಂದಿಗೆ. ಸಾರ್ವಜನಿಕ ವಿಶ್ವವಿದ್ಯಾಲಯಗಳಲ್ಲಿ ಈ ಪದ್ಧತಿ ಇದ್ದ ಕಾಲದಲ್ಲೂ ಅದರ ತೂಕ ಕಡಿಮೆಯೇ ಇತ್ತು. ಮಿಚಿಗನ್ ವಿಶ್ವವಿದ್ಯಾಲಯ 2003ರವರೆಗೆ 150 ಅಂಕಗಳ ಪಟ್ಟಿಯಲ್ಲಿ ಅರ್ಜಿಗಳನ್ನು ಅಳೆಯುತ್ತಿತ್ತು. 100 ದಾಟಿದವರಿಗೆ ಸೀಟು ಬಹುತೇಕ ಖಚಿತ. ತಂದೆ ಅಥವಾ ತಾಯಿ ಅಲ್ಲಿ ಓದಿದ್ದರೆ 4 ಅಂಕ, ಬೇರೆ ಹತ್ತಿರದ ಬಂಧುಗಳು ಓದಿದ್ದರೆ 1. ಟೆಕ್ಸಾಸ್ ಎ ಆ್ಯಂಡ್ ಎಂನಲ್ಲಿ 100ಕ್ಕೆ 4 ಅಂಕದವರೆಗೆ ಸಿಗುತ್ತಿತ್ತು, 2004ರಲ್ಲಿ ಅದನ್ನೂ ನಿಲ್ಲಿಸಿದರು. ಇಷ್ಟು ಅಂಕದಿಂದ ಲಾಭವಾಗುತ್ತಿದ್ದುದು ಅಂಚಿನಲ್ಲಿದ್ದವರಿಗೆ ಮಾತ್ರ. ಆದರೆ ಆ ಅಂಚಿನಲ್ಲೇ ಇದ್ದು, ಮನೆಯಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತುವ ಮಗುವಿನ ಸೀಟು ಕೈತಪ್ಪುತ್ತಿತ್ತು. ತೆರಿಗೆದಾರರ ಹಣದಲ್ಲಿ ನಡೆಯುವ ಸಂಸ್ಥೆಗೆ ಇದು ಒಪ್ಪುವ ನಡೆಯಲ್ಲ ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ಕೊಲರಾಡೊ 2021ರಲ್ಲಿ, ಇಲಿನಾಯ್ 2024ರಲ್ಲಿ ತಮ್ಮ ಸಾರ್ವಜನಿಕ ಸಂಸ್ಥೆಗಳಲ್ಲಿ ಇದನ್ನು ನಿಷೇಧಿಸಿದವು. ಮೇರಿಲ್ಯಾಂಡ್ 2024ರಲ್ಲಿ ಖಾಸಗಿ ಸಂಸ್ಥೆಗಳನ್ನೂ ಸೇರಿಸಿಕೊಂಡಿತು.

ಕಾನೂನು ಇಲ್ಲದ ರಾಜ್ಯಗಳಲ್ಲಿ ಈ ಪದ್ಧತಿ ಇನ್ನೂ ಅಲ್ಲಲ್ಲಿ ಉಳಿದಿದೆ. ಅದಕ್ಕೆ ದೇಣಿಗೆಯೊಂದೇ ಕಾರಣವಲ್ಲ. ಸೀಟು ಕೊಟ್ಟವರಲ್ಲಿ ಎಷ್ಟು ಮಂದಿ ನಿಜವಾಗಿ ಬಂದು ಸೇರುತ್ತಾರೆ ಎಂಬ ಅಂದಾಜು ಪ್ರವೇಶ ಕಚೇರಿಗೆ ದೊಡ್ಡ ತಲೆನೋವು. ಹಳೆಯ ವಿದ್ಯಾರ್ಥಿಯ ಮಗು ಸೇರುವ ಸಾಧ್ಯತೆ ಹೆಚ್ಚು ಎಂಬುದು ಅವರ ಲೆಕ್ಕಾಚಾರ.

ಯಾವ ವಿಶ್ವವಿದ್ಯಾಲಯ ಏನು ಮಾಡುತ್ತದೆ ಎಂದು ನೀವೇ ನೋಡಿಕೊಳ್ಳಬಹುದು. ವಿಶ್ವವಿದ್ಯಾಲಯದ ಹೆಸರಿನ ಜೊತೆ ‘ಕಾಮನ್ ಡೇಟಾ ಸೆಟ್’ (ವಿಶ್ವವಿದ್ಯಾಲಯಗಳು ತಮ್ಮ ಬಗ್ಗೆ ವರ್ಷವರ್ಷ ಹೊರಡಿಸುವ ಮಾಹಿತಿ ಕಡತ) ಎಂದು ಹುಡುಕಿ, ಇತ್ತೀಚಿನ ವರ್ಷದ ಕಡತ ತೆರೆದು ಸಿ7 ವಿಭಾಗಕ್ಕೆ ಹೋಗಿ. ಅಂಕ, ಪ್ರಬಂಧ, ರಾಜ್ಯದ ವಾಸ, ಹಳೆಯ ವಿದ್ಯಾರ್ಥಿಗಳ ಸಂಬಂಧ ಹೀಗೆ ಸಾಲಾಗಿ ಅಂಶಗಳಿರುತ್ತವೆ. ಪ್ರತಿಯೊಂದರ ಎದುರು ‘ಅತಿ ಮುಖ್ಯ, ಮುಖ್ಯ, ಪರಿಗಣಿಸಲಾಗುತ್ತದೆ, ಪರಿಗಣಿಸುವುದಿಲ್ಲ’ ಎಂಬ ನಾಲ್ಕು ಆಯ್ಕೆಗಳಲ್ಲಿ ಒಂದಕ್ಕೆ ಗುರುತು ಹಾಕಿರುತ್ತಾರೆ. ಹಳೆಯ ವರ್ಷದ ಕಡತ ನೋಡಿ ಮೋಸಹೋಗುವವರು ಬಹಳ. 2022ರ ಗುರುತು ಇಂದಿಗೆ ಅನ್ವಯಿಸದೆ ಇರಬಹುದು, ಆದ್ದರಿಂದ ಪ್ರವೇಶ ಕಚೇರಿಯ ಈಗಿನ ಪುಟವನ್ನೂ ಓದಿ. ಪರಿಗಣಿಸುವ ಕಡೆಯೂ ನಿಮ್ಮ ಎಂ.ಎಸ್. ಲೆಕ್ಕಕ್ಕೆ ಬಂದೇ ಬರುತ್ತದೆ ಎಂದುಕೊಳ್ಳಬೇಡಿ. ಬಿ.ಎಸ್. ಅಲ್ಲೇ ಓದಿದ ತಂದೆತಾಯಿಯರನ್ನಷ್ಟೇ ಎಣಿಸುವ ಸಂಸ್ಥೆಗಳೂ ಇವೆ.

ಬರ್ಕ್ಲಿಯ ವಿಷಯ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಯಾವ ಕ್ಯಾಂಪಸ್ಸೂ ಹಳೆಯ ವಿದ್ಯಾರ್ಥಿಗಳ ಮಕ್ಕಳೆಂದು ನೋಡುವುದಿಲ್ಲ. ಎಸ್‌ಎಟಿ ಪ್ರವೇಶ ಪರೀಕ್ಷೆಯ ಅಂಕವನ್ನೂ ನೋಡುವುದಿಲ್ಲ. ಅರ್ಜಿಯಲ್ಲಿರುವ ಎಂಟು ಪ್ರಶ್ನೆಗಳಲ್ಲಿ ನಾಲ್ಕನ್ನು ಆರಿಸಿ, ಒಂದೊಂದಕ್ಕೆ 350 ಪದ ಮೀರದಂತೆ ಬರೆಯಬೇಕು. ಅಪ್ಪನ ಸಾಧನೆಗೆ ಅಲ್ಲಿ ಒಂದು ಸಾಲನ್ನೂ ವ್ಯಯಿಸದಿರಲಿ. ಪರಿಚಯದವರಿಂದ ಪತ್ರ ಬರೆಸುವ ಯೋಚನೆಯಿದ್ದರೆ ಅದನ್ನೂ ಬಿಡಿ. 2020ರಲ್ಲಿ ರಾಜ್ಯದ ಲೆಕ್ಕಪರಿಶೋಧಕರು ನಾಲ್ಕು ಕ್ಯಾಂಪಸ್‌ಗಳನ್ನು ಶೋಧಿಸಿ, 64 ಮಂದಿಗೆ ವಶೀಲಿಯಿಂದ ಸೀಟು ಸಿಕ್ಕಿದೆ ಎಂದು ವರದಿ ಕೊಟ್ಟರು. ಆಮೇಲೆ ಇಂಥ ಪತ್ರಗಳನ್ನು ಅನುಮಾನದಿಂದಲೇ ನೋಡುತ್ತಾರೆ.

ಶುಲ್ಕದಲ್ಲಿ ನಿಮ್ಮ ಮನೆಗೆ ನಿಜಕ್ಕೂ ಲಕ್ಷಗಟ್ಟಲೆ ರೂಪಾಯಿಯ ವ್ಯತ್ಯಾಸ ಮಾಡುವುದು ಬೇರೆಯೇ ಒಂದು ವಿಷಯ: ಮಗಳು ರಾಜ್ಯದ ನಿವಾಸಿ ಎಂದು ಪರಿಗಣಿತಳಾಗುತ್ತಾಳೋ ಇಲ್ಲವೋ ಎಂಬುದು. ಎಚ್‌-4 ವೀಸಾದವರಿಗೂ (ಎಚ್‌-1ಬಿ ನೌಕರರ ಅವಲಂಬಿತರ ವೀಸಾ) ವರ್ಜೀನಿಯಾದಲ್ಲಿ ಇದಕ್ಕೆ ದಾರಿಯಿದೆ. ತರಗತಿ ಶುರುವಾಗುವ ಮುಂಚೆ ಕನಿಷ್ಠ ಒಂದು ವರ್ಷದ ವಾಸಕ್ಕೆ ದಾಖಲೆ ಬೇಕು: ರಾಜ್ಯದ ಆದಾಯ ತೆರಿಗೆ ಸಲ್ಲಿಕೆ, ಬಾಡಿಗೆ ಕರಾರು, ಚಾಲನಾ ಪರವಾನಗಿ, ವಾಹನ ನೋಂದಣಿ. ಒಂದು ರಾಜ್ಯದಲ್ಲಿ ಮನೆ, ಇನ್ನೊಂದರಲ್ಲಿ ತೆರಿಗೆ ಎಂದಾದರೆ ಅರ್ಜಿ ಅಲ್ಲೇ ಮುಗ್ಗರಿಸುತ್ತದೆ. ಮಗಳಿಗೆ 21 ತುಂಬಿದ ದಿನ ಎಚ್‌-4 ಮುಗಿಯುತ್ತದೆ, ಎಫ್‌-1 ವಿದ್ಯಾರ್ಥಿ ವೀಸಾಗೆ ಬದಲಾಯಿಸಿಕೊಳ್ಳಬೇಕಾಗುತ್ತದೆ. ಆಗ ಶುಲ್ಕ ಏನಾಗುತ್ತದೆ ಎಂದು ನಿವಾಸ ಪರಿಶೀಲಿಸುವ ಕಚೇರಿಯನ್ನು ಈಗಲೇ ಕೇಳಿ, ಉತ್ತರವನ್ನು ಇಮೇಲ್‌ನಲ್ಲಿ ಪಡೆದಿಟ್ಟುಕೊಳ್ಳಿ.

ಇನ್ನೊಂದು ಮಾತು. ಕೆಲವು ರಾಜ್ಯಗಳ ವಿಶ್ವವಿದ್ಯಾಲಯಗಳು ಹೊರರಾಜ್ಯದಲ್ಲಿರುವ ಹಳೆಯ ವಿದ್ಯಾರ್ಥಿಗಳ ಮಕ್ಕಳಿಗೆ ಶುಲ್ಕದಲ್ಲಿ ರಿಯಾಯಿತಿ ಕೊಡುತ್ತವೆ. ಅದು ಸೀಟು ಸಿಕ್ಕ ಮೇಲಿನ ಮಾತು, ಪ್ರವೇಶಕ್ಕೂ ಅದಕ್ಕೂ ಸಂಬಂಧವಿಲ್ಲ. ನೀವಾಗಲಿ ನಿಮ್ಮ ಪತ್ನಿಯಾಗಲಿ ಬೇರೆ ರಾಜ್ಯದಲ್ಲೂ ಓದಿದ್ದರೆ ಅಲ್ಲಿನ ವಿದ್ಯಾರ್ಥಿವೇತನದ ಪುಟ ನೋಡಿ.

ಪ್ರಶ್ನೆ: ನನ್ನ ತಮ್ಮ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಪಿಎಚ್‌.ಡಿ. ಮಾಡಿದ್ದಾನೆ. ಮಗ ಹಾಸನದಲ್ಲಿ ಬಿ.ಇ. ಕೊನೆಯ ವರ್ಷ, ಅಲ್ಲಿಗೇ ಎಂ.ಎಸ್.ಗೆ ಅರ್ಜಿ ಹಾಕುತ್ತಾನೆ. ಚಿಕ್ಕಪ್ಪನಿಂದ ಶಿಫಾರಸು ಪತ್ರ ಕೊಡಿಸಬಹುದೇ?

ಉತ್ತರ: ಬೇಡ. ಎಂ.ಎಸ್. ಅರ್ಜಿಗಳನ್ನು ವಿಭಾಗದ ಪ್ರಾಧ್ಯಾಪಕರ ಸಮಿತಿ ಓದುತ್ತದೆ. ಅವರಿಗೆ ಬೇಕಾದುದು ಹುಡುಗನ ಕೆಲಸವನ್ನು ಕಣ್ಣಾರೆ ಕಂಡವರ ಮಾತು: ಪ್ರಾಜೆಕ್ಟಿನ ಮಾರ್ಗದರ್ಶಕರು, ಪಾಠ ಮಾಡಿದವರು, ಇಂಟರ್ನ್‌ಶಿಪ್ ಕೊಟ್ಟವರು. ಚಿಕ್ಕಪ್ಪನ ಪತ್ರ ಬಂದರೆ, ಹೇಳಲು ಬೇರೆ ಯಾರೂ ಸಿಗಲಿಲ್ಲವೇನೋ ಎಂಬ ಅರ್ಥ ಬರುತ್ತದೆ. ಇದೇ ಇಲಿನಾಯ್‌ನಲ್ಲಿ ಪ್ರಭಾವಿಗಳು ಸೂಚಿಸಿದ ಹೆಸರುಗಳಿಗೆ ಪ್ರತ್ಯೇಕ ಪಟ್ಟಿ ಇತ್ತೆಂದು 2009ರಲ್ಲಿ ಪತ್ರಿಕೆಯೊಂದು ಬಯಲಿಗೆಳೆದಾಗ ವಿಶ್ವವಿದ್ಯಾಲಯದ ಅಧ್ಯಕ್ಷರೂ ಕ್ಯಾಂಪಸ್ಸಿನ ಚಾನ್ಸಲರ್‌ ಅವರೂ ರಾಜೀನಾಮೆ ಕೊಡಬೇಕಾಯಿತು. ನಿಮ್ಮ ತಮ್ಮನಿಂದ ಆಗಬಹುದಾದ ಸಹಾಯ ಬೇರೆ ಇದೆ. ಉದ್ದೇಶ ಪತ್ರ ಓದಿ ಎಲ್ಲಿ ಮಾತು ಪೊಳ್ಳಾಗಿದೆ ಎಂದು ತೋರಿಸಲಿ, ಯಾವ ಪ್ರಯೋಗಾಲಯ ಯಾವ ಕೆಲಸ ಮಾಡುತ್ತಿದೆ ಎಂದು ತಿಳಿಸಲಿ.

ಪ್ರಶ್ನೆ: ನಮ್ಮ ತಂದೆಯವರೂ ನಾನೂ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು ಯುವಿಸಿಇಯಲ್ಲಿ ಓದಿದವರು. ಈಗ ಅದು ಸ್ವಾಯತ್ತ ವಿಶ್ವವಿದ್ಯಾಲಯವಂತೆ. ಮಗನಿಗೆ ಏನಾದರೂ ಆದ್ಯತೆ ಇದೆಯೇ?

ಉತ್ತರ: ಇಲ್ಲ. ಸ್ವಾಯತ್ತತೆ ಬಂದರೂ ಬಿ.ಟೆಕ್. ಸೀಟುಗಳು ಸಿಇಟಿ ರ‍್ಯಾಂಕ್ ಮೇಲೆಯೇ ಹಂಚಿಕೆಯಾಗುತ್ತವೆ. ಪಿಯುಸಿ ಅಂಕಕ್ಕೆ ಅರ್ಧ ತೂಕ, ಸಿಇಟಿ ಅಂಕಕ್ಕೆ ಅರ್ಧ. ಮನೆತನದ ಹೆಸರಿಗೆ ಅಲ್ಲಿ ಕಲಮೇ ಇಲ್ಲ. ಮಗ ಗ್ರಾಮೀಣ ಅಥವಾ ಕನ್ನಡ ಮಾಧ್ಯಮದ ಮೀಸಲಾತಿಗೆ ಅರ್ಹನಾಗಿದ್ದರೆ 1ರಿಂದ 10ನೇ ತರಗತಿವರೆಗಿನ ವ್ಯಾಸಂಗ ಪ್ರಮಾಣಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುರುಜು ಆಗಿರಬೇಕು. ನಡುವೆ ಶಾಲೆ ಬದಲಾಗಿದ್ದರೆ ಪ್ರತಿ ಶಾಲೆಯಿಂದಲೂ ಪತ್ರ ಬೇಕು. ಒಂದೇ ಒಂದು ವರ್ಷದ ಪತ್ರ ಇಲ್ಲದೆ ಮೀಸಲಾತಿ ಕಳೆದುಕೊಳ್ಳುವ ಮಕ್ಕಳಿದ್ದಾರೆ, ಅದನ್ನು ಪರೀಕ್ಷೆಗೆ ಮುಂಚೆಯೇ ಸಿದ್ಧಮಾಡಿಟ್ಟುಕೊಳ್ಳಿ.