ಪಾದ್ರಿಯಾಗಿದ್ದ ಗಸೆಂಡಿ ಎಪಿಕ್ಯೂರಸ್‌ನ ಪರ ನಿಂತದ್ದು ಹೇಗೆ?

ಪಾದ್ರಿಯೊಬ್ಬ ಪ್ರಾಚೀನ ಗ್ರೀಕ್ ತತ್ತ್ವಜ್ಞಾನಿ ಎಪಿಕ್ಯೂರಸ್‌ನನ್ನು ಎತ್ತಿಹಿಡಿದದ್ದು ತನ್ನ ನಂಬಿಕೆಗೆ ಬಗೆದ ದ್ರೋಹವಲ್ಲವೇ ಎಂದು ಕೇಳಿದ್ದೀರಿ. ನನಗೆ ಹಾಗೆ ಅನ್ನಿಸುವುದಿಲ್ಲ.

ಪಿಯೆರ್ ಗಸೆಂಡಿ (1592–1655) ದಕ್ಷಿಣ ಫ್ರಾನ್ಸಿನವನು, ಕ್ಯಾಥೊಲಿಕ್ ಪಾದ್ರಿ. ಆಗಿನ ವಿದ್ಯಾಪೀಠಗಳಲ್ಲಿ ಅರಿಸ್ಟಾಟಲ್ ಹೇಳಿದ್ದೇ ವೇದವಾಕ್ಯ. ಅದನ್ನೇ ಪಾಠ ಹೇಳಿ ಬೇಸತ್ತ ಗಸೆಂಡಿ 1624ರಲ್ಲಿ ಅದರ ವಿರುದ್ಧ ಪುಸ್ತಕ ಅಚ್ಚುಹಾಕಿಸಿದ. ಅರಿಸ್ಟಾಟಲ್‌ನಂಥ ಮಾನ್ಯ ಪ್ರಾಚೀನ ಲೇಖಕರಿಗೆ ವಿರುದ್ಧವಾಗಿ ಬೋಧಿಸಿದವರಿಗೆ ಮರಣದಂಡನೆ ಎಂದು ಪ್ಯಾರಿಸ್ಸಿನ ಉಚ್ಚ ನ್ಯಾಯಾಲಯ ಆಜ್ಞೆ ಹೊರಡಿಸಿದ್ದೂ ಅದೇ ವರ್ಷ. ಆ ಕೃತಿಯ ಮುಂದಿನ ಭಾಗ ಅವನು ಬದುಕಿರುವವರೆಗೂ ಬೆಳಕು ಕಾಣಲಿಲ್ಲ.

ಅನಂತರ ಅವನು ಎಪಿಕ್ಯೂರಸ್‌ನತ್ತ ತಿರುಗಿದ. ತಿಂದುಂಡು ಮೆರೆಯುವವರ ಗುರುವೆಂದು ಶತಮಾನಗಳಿಂದ ಹೆಸರು ಕೆಡಿಸಿಕೊಂಡವನು ಎಪಿಕ್ಯೂರಸ್. ಇಟಲಿಯ ಕವಿ ಡಾಂಟೆ ತನ್ನ ಕಾವ್ಯದಲ್ಲಿ ಅವನನ್ನು ನರಕದಲ್ಲಿ, ಉರಿಯುವ ಗೋರಿಯೊಳಗೆ ಇಟ್ಟಿದ್ದ. ಆದರೆ ಪ್ರಾಚೀನ ಗ್ರೀಕ್ ಲೇಖಕ ಡಯೋಜಿನೀಸ್ ಲೇರ್ಷಿಯಸ್ ಬರೆದ ಜೀವನಚರಿತ್ರೆಯಲ್ಲಿ ಕಾಣುವವನೇ ಬೇರೆ. ಅಲ್ಲಿ ಅವನು ರೊಟ್ಟಿ, ನೀರಿನಲ್ಲಿ ತೃಪ್ತ. ಸ್ನೇಹಿತನಿಗೆ ಕಾಗದ ಬರೆದು ಒಂದು ಪುಟ್ಟ ಮಡಕೆಯಷ್ಟು ಚೀಸ್ ಕೇಳುತ್ತಾನೆ, ಮನಸ್ಸಾದಾಗ ಹಬ್ಬದೂಟ ಮಾಡಲು! ಆ ಸಾಲನ್ನು ಓದಿದಾಗಲೆಲ್ಲ ನನ್ನ ಮನಸ್ಸು ತುಂಬಿ ಬರುತ್ತದೆ. ಅವನು ಹೇಳಿದ ಸುಖವೆಂದರೆ ದೇಹಕ್ಕೆ ನೋವಿಲ್ಲದಿರುವುದು, ಮನಸ್ಸಿಗೆ ಕಳವಳವಿಲ್ಲದಿರುವುದು, ಅಷ್ಟೇ. ಡಯೋಜಿನೀಸನ ಆ ಗ್ರಂಥವನ್ನು 1433ರ ಹೊತ್ತಿಗೆ ಲ್ಯಾಟಿನ್ನಿಗೆ ತಂದವನೂ ಒಬ್ಬ ಸಂನ್ಯಾಸಿಯೇ, ಆಂಬ್ರೋಜಿಯೋ ತ್ರಾವೆರ್ಸಾರಿ.

ಗಸೆಂಡಿ ಮೊದಲು ಮಾಡಿದ್ದು ಈ ಮನುಷ್ಯನ ಮೇಲಿನ ಕಳಂಕ ತೊಳೆಯುವ ಕೆಲಸ. ಎಪಿಕ್ಯೂರಸ್‌ನ ಬದುಕು, ನಡತೆಗಳನ್ನು ಕುರಿತ ಅವನ ಪುಸ್ತಕ 1647ರಲ್ಲಿ ಬಂತು. ಸಿದ್ಧಾಂತವನ್ನು ಮಾತ್ರ ಇದ್ದಂತೆಯೇ ಒಪ್ಪಲಿಲ್ಲ. ವಸ್ತುಗಳೆಲ್ಲ ಪರಮಾಣುಗಳಿಂದ ಆದವು, ಆ ಪರಮಾಣುಗಳು ಅನಾದಿ, ಅನಂತ ಎಂದಿದ್ದ ಎಪಿಕ್ಯೂರಸ್. ಅವು ದೇವರ ಸೃಷ್ಟಿ, ಅವುಗಳ ಸಂಖ್ಯೆಗೆ ಮಿತಿಯಿದೆ, ಚಲನೆಯೂ ದೇವರು ಕೊಟ್ಟದ್ದು ಎಂದು ಗಸೆಂಡಿ ತಿದ್ದಿದ. ಅರಿಸ್ಟಾಟಲ್ ಕೂಡ ಜಗತ್ತು ಅನಾದಿ ಎಂದವನೇ ಅಲ್ಲವೇ? ಅವನನ್ನು ತಿದ್ದಿಕೊಂಡು ಚರ್ಚ್ ಒಳಗೆ ಕರೆದುಕೊಂಡಿತ್ತು.

ಆತ್ಮದ ವಿಷಯಕ್ಕೆ ಬಂದಾಗ ಮಾತ್ರ ನಾನು ಗಸೆಂಡಿಯ ಜೊತೆ ಹೋಗಲಾರೆ. ಎಪಿಕ್ಯೂರಸ್‌ಗೆ ಆತ್ಮವೂ ಪರಮಾಣುಗಳ ಕೂಟ; ಸತ್ತಾಗ ಅದು ಚದುರಿಹೋಗುತ್ತದೆ, ಆದ್ದರಿಂದ ಸಾವಿಗೆ ಅಂಜಬೇಕಿಲ್ಲ. ಗಸೆಂಡಿ ಅದರ ಮೇಲೆ ಅಳಿಯದ ಇನ್ನೊಂದು ಆತ್ಮವನ್ನು ಕೂರಿಸಿದ. ಸಾವಿಗೆ ಅಂಜಬೇಕಿಲ್ಲವೆಂಬ ಆ ಧೈರ್ಯದ ಮಾತಿಗೆ ಆಮೇಲೆ ನಿಲ್ಲಲು ನೆಲವೇ ಉಳಿಯಲಿಲ್ಲ. ಇದನ್ನು ಕಂಡು ಅವನು ಒಳಗೊಳಗೇ ನಾಸ್ತಿಕನಾಗಿದ್ದ, ತೋರಿಕೆಗೆ ದೇವರನ್ನು ಸೇರಿಸಿದ ಎನ್ನುವವರಿದ್ದಾರೆ. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಒಂದೊಂದು ಗ್ರೀಕ್ ವಾಕ್ಯದೊಡನೆ ಹೆಣಗಿದವನ ಬಗ್ಗೆ ಆ ಮಾತು ಆಡಲು ನನಗೆ ಮನಸ್ಸು ಬರುವುದಿಲ್ಲ. ಅವನಿಗೆ ತನ್ನ ನಂಬಿಕೆ, ಎಪಿಕ್ಯೂರಸ್‌ನ ವಿಚಾರ ಎರಡೂ ಬೇಕಾಗಿದ್ದವು.