ಬ್ಲ್ಯಾಕ್‌ಕರಂಟ್: ಎಲೆ ಜಾಸ್ತಿ, ಹಣ್ಣು ಇಲ್ಲ ಅಂದರೆ ಕತ್ತರಿಸುವ ರೀತಿ ಬದಲಿಸಿ

ಇಂಗ್ಲೆಂಡಿನ ಲೀಡ್ಸ್‌ನಲ್ಲಿರುವ ನಿಮ್ಮ ನಾಲ್ಕು ವರ್ಷದ ಬ್ಲ್ಯಾಕ್‌ಕರಂಟ್ (ಸಣ್ಣ ಕಪ್ಪು ಹಣ್ಣಿನ ಪೊದೆ) ಎಲೆ ತುಂಬಾ ಬಿಟ್ಟರೂ ಹಣ್ಣು ಏಕೆ ಬಿಡುತ್ತಿಲ್ಲ ಎಂದು ಕೇಳಿದ್ದೀರಿ. ಪ್ರತಿ ಚಳಿಗಾಲ ಎಲ್ಲ ಕೊಂಬೆಗಳ ತುದಿಯನ್ನೂ ಕತ್ತರಿಸುತ್ತೀರಿ ಎಂದಿದ್ದೀರಲ್ಲ, ಬಹುಶಃ ಅದೇ ಕಾರಣ. ಬ್ಲ್ಯಾಕ್‌ಕರಂಟ್ ಚೆನ್ನಾಗಿ ಹಣ್ಣು ಬಿಡುವುದು ಹಿಂದಿನ ವರ್ಷ ಬೆಳೆದ ಕೊಂಬೆಯಲ್ಲಿ. ತುದಿ ತೆಗೆದರೆ ಬರುವ ವರ್ಷದ ಹಣ್ಣನ್ನೇ ತೆಗೆದ ಹಾಗೆ. ನಾನೂ ಎರಡು ವರ್ಷ ಇದೇ ತಪ್ಪು ಮಾಡಿದ್ದೆ.

ಸದ್ಯಕ್ಕೆ ಕತ್ತರಿ ಬೇಡ. ಎಲೆ ಪೂರ್ತಿ ಉದುರಿದ ಮೇಲೆ, ನವೆಂಬರ್‌ನಿಂದ ಫೆಬ್ರವರಿ ಒಳಗೆ, ಕೊಂಬೆಗಳ ಬಣ್ಣ ನೋಡಿ. ಎಳೆಯದು ತಿಳಿ ಕಂದು, ಹಳೆಯದು ಕಪ್ಪು, ಮುಟ್ಟಿದರೆ ಒರಟು. ತೀರಾ ಕಪ್ಪಾದವನ್ನು, ಒಟ್ಟು ಕೊಂಬೆಗಳಲ್ಲಿ ಮೂರನೇ ಒಂದು ಪಾಲಿನಷ್ಟು, ನೆಲದ ಹತ್ತಿರಕ್ಕೇ ಕತ್ತರಿಸಿ. ಎಳೆಯದನ್ನು ಮುಟ್ಟಲೇಬೇಡಿ.

ಆಗಲೇ ಮೊಗ್ಗುಗಳನ್ನೂ ನೋಡಿಬಿಡಿ. ಚೂಪಾಗಿದ್ದರೆ ಸರಿ. ನೆನೆಸಿದ ಕಡಲೆಕಾಳಿನ ಹಾಗೆ ದುಂಡಗೆ ಉಬ್ಬಿದ್ದರೆ ಒಳಗೆ ನುಸಿ ಇದೆ ಎಂದರ್ಥ. ನಾಲ್ಕಾರು ಇದ್ದರೆ ಚಿವುಟಿ ಕಸಕ್ಕೆ ಹಾಕಿ. ಗಿಡದ ತುಂಬಾ ಇದ್ದರೆ ಕಿತ್ತು ಹೊಸದು ನೆಡುವುದೇ ವಾಸಿ, ಆ ನುಸಿ ವೈರಸ್ ರೋಗವನ್ನೂ ಹರಡುತ್ತದೆ. ಮಾರ್ಚ್‌ನಲ್ಲಿ ಬುಡದ ಸುತ್ತ ಕೊಳೆತ ಗೊಬ್ಬರ ದಪ್ಪಗೆ ಹರಡಿ.

ಹೂವು ಬಂದಿತ್ತೋ ಇಲ್ಲವೋ ನೀವು ಬರೆದಿಲ್ಲ. ಹೂವು ಬಂದು ಉದುರಿದ್ದರೆ ಏಪ್ರಿಲ್‌ನ ಹಿಮವೂ ಕಾರಣ ಇರಬಹುದು. ಅಂಥ ರಾತ್ರಿ ಗಿಡಕ್ಕೆ ತೋಟದ ಫ್ಲೀಸ್ (ಚಳಿಯಿಂದ ಗಿಡ ಕಾಯುವ ತೆಳು ಬಟ್ಟೆಯಂಥ ಹೊದಿಕೆ) ಹೊದಿಸಿ, ಬೆಳಿಗ್ಗೆ ತೆಗೆಯಿರಿ. ಜೇನುನೊಣ ಬರಬೇಕಲ್ವಾ.