ಕಣ್ಣಿನ ಲಿಂಫೋಮಾ: ಎರಡು ದಿನವೋ, ಹನ್ನೆರಡು ದಿನವೋ?

ಪ್ರಶ್ನೆ: ಅಮ್ಮನಿಗೆ 64 ವರ್ಷ. ಎಡಗಣ್ಣಿನ ಕೆಳರೆಪ್ಪೆಯ ಒಳಗೆ ನಸುಗೆಂಪು ಮಾಂಸ ಬೆಳೆದಿತ್ತು. ಬಯಾಪ್ಸಿಯಲ್ಲಿ ಮಾಲ್ಟ್ ಲಿಂಫೋಮಾ ಎಂದು ಬಂದಿದೆ. ಒಬ್ಬ ವೈದ್ಯರು 12 ದಿನ ರೇಡಿಯೇಶನ್ ಬೇಕೆಂದರು, ಇನ್ನೊಬ್ಬರು ಎರಡೇ ದಿನ ಸಾಕೆಂದರು. ಯಾರ ಮಾತು ಕೇಳುವುದು? ದೃಷ್ಟಿ ಹೋದೀತೇ?
— ಓದುಗರು, ಬದಿಯಡ್ಕ

ಉತ್ತರ: ಇಬ್ಬರ ಮಾತಿಗೂ ಆಧಾರವಿದೆ. ಲಿಂಫೋಮಾ ಎಂದರೆ ಬಿಳಿ ರಕ್ತಕಣಗಳ ಒಂದು ಬಗೆಯ ಕ್ಯಾನ್ಸರ್. ಅದರಲ್ಲಿ ಮಾಲ್ಟ್ ನಿಧಾನವಾಗಿ ಬೆಳೆಯುವ, ರೇಡಿಯೇಶನ್‌ಗೆ ಸುಲಭವಾಗಿ ಕರಗುವ ಜಾತಿ. ರೂಢಿಯ ಪ್ರಮಾಣ 24 ಗ್ರೇ (ರೇಡಿಯೇಶನ್ ಅಳೆಯುವ ಮಾನ): ದಿನಕ್ಕೆ 2ರಂತೆ 12 ಸಲ, ಶನಿವಾರ ಭಾನುವಾರ ಬಿಟ್ಟು. ಇದರಿಂದ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿಯಲ್ಲಿ ಅದೇ ಜಾಗದಲ್ಲಿ ಮತ್ತೆ ಬೆಳೆಯುವುದಿಲ್ಲ. ಎರಡು ದಿನದ್ದು ಒಟ್ಟು 4 ಗ್ರೇ. ಕಣ್ಣಿಗೆ ತೊಂದರೆ ತೀರ ಕಡಿಮೆ. ಆದರೆ ಕೆಲವರಲ್ಲಿ ಗಡ್ಡೆ ಪೂರ್ತಿ ಕರಗುವುದಿಲ್ಲ, ಅಂಥವರಿಗೆ ಬಾಕಿ 20 ಗ್ರೇಯನ್ನು ಆಮೇಲೆ ಕೊಡಬೇಕಾಗುತ್ತದೆ. ತಪಾಸಣೆಗೆ ತಪ್ಪದೆ ಹೋಗುವವರಿಗೆ ಇದು ಒಳ್ಳೆಯ ಆಯ್ಕೆಯೇ. ಬಯಾಪ್ಸಿ ವರದಿಯಲ್ಲಿ ವೇಗವಾಗಿ ಬೆಳೆಯುವ ಜಾತಿಯೆಂದಿದ್ದರೆ ಮಾತ್ರ ಈ ಲೆಕ್ಕವೆಲ್ಲ ಬೇರೆ. ರೋಗ ಕಣ್ಣಿನಲ್ಲಷ್ಟೇ ಇದೆಯೇ ಎಂದು ಸ್ಕ್ಯಾನ್ ಮಾಡಿಸದೆ ಎರಡಕ್ಕೂ ಒಪ್ಪಬೇಡಿ.

ಮೊದಲ ದಿನ ಬಿಸಿನೀರಿನಲ್ಲಿ ಮೆತ್ತಗಾಗಿಸಿದ ಪ್ಲಾಸ್ಟಿಕ್ ಜಾಲರಿಯನ್ನು ಮುಖಕ್ಕೆ ಒತ್ತಿ ಮಾಸ್ಕ್ ಮಾಡುತ್ತಾರೆ. ಅದನ್ನು ತೊಡಿಸಿಯೇ ಸಿ.ಟಿ. ತೆಗೆದು ಕಿರಣದ ದಾರಿ ಗುರುತಿಸುತ್ತಾರೆ. ಮತ್ತೆ ದಿನಾ ಕಾಲು ಗಂಟೆಯ ಕೆಲಸ. ನೋವಿಲ್ಲ.

24 ಗ್ರೇಯಲ್ಲಿ ಕುರುಡುತನ ಬರುವುದು ಬಹಳ ಅಪರೂಪ. ನಿಜವಾದ ತೊಂದರೆ ಕಣ್ಣಿನ ಪೊರೆ ಮತ್ತು ಒಣಗುವಿಕೆ. ರೋಗ ಕಣ್ಣಿನ ಮೇಲ್ಪದರದಲ್ಲಷ್ಟೇ ಇದ್ದರೆ ಮಸೂರದ ಮುಂದೆ ಲೋಹದ ಪುಟ್ಟ ಮರೆ ಇಡಬಹುದು. ಗುಡ್ಡೆಯ ಹಿಂದಕ್ಕೂ ಹಬ್ಬಿದ್ದರೆ ಮರೆ ಇಡಬಾರದು, ಅದರ ನೆರಳಿನಲ್ಲಿ ಗಡ್ಡೆಯೂ ಉಳಿದುಕೊಳ್ಳುತ್ತದೆ. ಪೊರೆ ಬಂದರೂ ಕೆಲವು ವರ್ಷಗಳ ಮೇಲೆ. ಎಲ್ಲರಂತೆ ಆಪರೇಶನ್ ಮಾಡಿಸಬಹುದು.

ಒಣಗುವುದಕ್ಕೆ ಸಂರಕ್ಷಕ ಬೆರೆಸದ ಕೃತಕ ಕಣ್ಣೀರು, ದಿನಕ್ಕೆ ನಾಲ್ಕಾರು ಸಲ. ನಂದಿಬಟ್ಟಲಿನ ರಸ, ಎಳನೀರು, ಕಾಡಿಗೆ ಯಾವುದೂ ಬೇಡ. ಬಚ್ಚಲೊಲೆಯ ಹೊಗೆಯಿಂದ ಅಮ್ಮನನ್ನು ದೂರವಿಡಿ. ನೋವು ಹೆಚ್ಚಿದರೆ, ದೃಷ್ಟಿ ಮಂಜಾದರೆ ಅದೇ ದಿನ ತೋರಿಸಿ. ಗಡ್ಡೆ ಕರಗಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು. ಮುಗಿದ ಮರುದಿನವೇ ಕನ್ನಡಿ ಹಿಡಿದು ಗಾಬರಿಯಾಗಬೇಡಿ.

ಪ್ರಶ್ನೆ: ಇದೇ ಚಿಕಿತ್ಸೆಗೆ ಮಂಜೇಶ್ವರದಿಂದ ದಿನಾ ಮಂಗಳೂರಿಗೆ ಹೋಗಿ ಬರಬಹುದೇ? ನಡುವೆ ಒಂದು ದಿನ ತಪ್ಪಿದರೆ?

ಉತ್ತರ: ಧಾರಾಳವಾಗಿ. ಹೆಚ್ಚಿನವರಿಗೆ ಆಸ್ಪತ್ರೆಯಲ್ಲಿ ಉಳಿಯುವ ಅಗತ್ಯವಿಲ್ಲ. ತಪ್ಪಿದ ದಿನವನ್ನು ಕೊನೆಗೆ ಸೇರಿಸುತ್ತಾರೆ. ಒಂದೇ ದಿನ ಎರಡು ಪಾಲು ಕೊಡಿ ಎಂದು ಕೇಳಬೇಡಿ. ಕ್ಯಾನ್ಸರ್ ರೋಗಿಗೂ ಜತೆಗಿರುವ ಒಬ್ಬರಿಗೂ ರೈಲ್ವೆ ರಿಯಾಯಿತಿ ಇದೆ. ಆಸ್ಪತ್ರೆಯವರ ಸಹಿ, ಮೊಹರು ಇರುವ ನಮೂನೆಯನ್ನು ಮಾಸ್ಕ್ ಮಾಡುವ ದಿನವೇ ಕೇಳಿ ಪಡೆಯಿರಿ.